ಕಣ್ಣಿರುವ ಸಾಮಾನು

ಗಿರಣಿಯ ಮೇಲಿನ ಮನೆ
ಶುಕ್ರವಾರ, ಮಧ್ಯಾಹ್ನ

ನನ್ನ ಕಡ್ಡಿಗೆ,

ದೊಡ್ಡಮ್ಮನ ಪ್ರೀತಿ. ನೀನು ಕಳಿಸಿದ ಗಂಟು ಬಂದು ತಲುಪಿತು. ಅಳಿಯಂದಿರ ಕಾಲುಚೀಲದೊಳಗೆ ಇಟ್ಟು, ಅದರ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಹಳೇ ಟವೆಲ್ಲು, ಮಗುವಿಗೆ ಸ್ನಾನ ಮಾಡಿಸಿ ಸುತ್ತಿದ ಹಾಗೆ ಸುತ್ತಿದ್ದೆ. ಬಿಚ್ಚಿದರೆ ಹೆಬ್ಬೆರಳಿನಷ್ಟು ಉಕ್ಕಿನ ತುಂಡು. ಇಷ್ಟೇ ಇಷ್ಟಿರುವುದು ಒಂದು ಸಂಸಾರವನ್ನೇ ನುಂಗಲು ಹೊರಟಿದೆಯಲ್ಲ ಅಂತ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ.

ನಿನ್ನೆ ನೀನು ಫೋನ್ ಮಾಡಿ "ಹೆಂಗೆ ಬಂತು ದೊಡ್ಡಮ್ಮ?" ಅಂದಾಗ, ಬಲ್ಬು ಸುಟ್ಟುಹೋಗಿದೆ, ಇನ್ನೂ ತೆಗೆದಿಲ್ಲ ಅಂದೆ. ಬಲ್ಬು ಚೆನ್ನಾಗಿಯೇ ಇದೆ. ಫೋಟೋ ಆಗಲೇ ತೆಗೆದಾಗಿತ್ತು. ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಕಾಗದವಾದರೆ ಸಿಟ್ಟಿನಲ್ಲಿ ಮುದುರಿ ಎಸೆದರೂ ಮತ್ತೆ ಎತ್ತಿಕೊಂಡು ಓದಬಹುದು. ಎಸೆಯುವುದಿದ್ದರೆ ಎಸೆ. ಆದರೆ ಎತ್ತಿಕೋ.

ನೀನು ಬರೆದದ್ದನ್ನು ನಾನು ಸರಿಯಾಗಿ ತಿಳಿದುಕೊಂಡಿದ್ದೇನಾ ನೋಡು. ಹೋದ ವಾರ ಗೋದಾಮಿನ ಸರಕಿನ ಲಿಫ್ಟು ಕುಸಿಯಿತು. ತಂತಿಹಗ್ಗವನ್ನು ಹಿಡಿದಿದ್ದ ಪಿನ್ನು ಮುರಿದದ್ದು. ಸಿಕ್ಕಿಹಾಕಿಕೊಂಡ ಹಮಾಲಿ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದಾನೆ. ತಿಂಗಳು ತಿಂಗಳೂ ಆ ಲಿಫ್ಟನ್ನು ನೋಡಿ, ಸರಿಯಿದೆ ಎಂದು ಸಹಿ ಹಾಕುವ ಮೆಕ್ಯಾನಿಕ್ಕು ನಮ್ಮ ಅಳಿಯಂದಿರು. ಸೋಮವಾರ ವಿಚಾರಣೆ. ಹೊರೆ ಹೆಚ್ಚಾಗಿ ಪಿನ್ನು ಒಂದೇ ಏಟಿಗೆ ಮುರಿಯಿತು ಎಂದಾದರೆ ತಪ್ಪು ಹೊರೆ ಹಾಕಿದ ಹಮಾಲಿಯದು. ಬಿರುಕು ಮೊದಲೇ ಇತ್ತು ಎಂದಾದರೆ ತಪ್ಪು ನೋಡದೆ ಬಿಟ್ಟವರದು. ಪಿನ್ನಿನ ಒಂದು ತುಂಡು ಯಾರಿಗೂ ಸಿಗಲಿಲ್ಲ, ಇನ್ನೊಂದನ್ನು ಅಳಿಯಂದಿರು ಆ ಗಲಾಟೆಯಲ್ಲಿ ಜೇಬಿಗೆ ಹಾಕಿಕೊಂಡು ಬಂದಿದ್ದರು. ಅದರ ಮುರಿದ ಮುಖವನ್ನು ದೊಡ್ಡದಾಗಿ ಫೋಟೋ ತೆಗೆದು ತೋರಿಸಿದರೆ ಹೊಸ ಮುರಿತ ಅಂತ ಎಲ್ಲರೂ ಒಪ್ಪುತ್ತಾರೆ ಅನ್ನುವುದು ನಿನ್ನ ನಂಬಿಕೆ. "ಹೆಂಗಿತ್ತೋ ಹಂಗೇ ಕಳಿಸ್ತಿದೀನಿ ದೊಡ್ಡಮ್ಮ, ನಿನ್ನ ಇರುವೆ ಮೆಷಿನ್ನಿಗೆ ಹಾಕಿ ತೆಗೆದುಕೊಡು" ಅಂತ ಬರೆದಿದ್ದೆ.

ಇರುವೆ ಮೆಷಿನ್ನು ಅಂತ ಓದಿ, ಅಷ್ಟು ಸಂಕಟದಲ್ಲೂ ನಗು ಬಂತು. ಆ ಹೆಸರಿಟ್ಟವಳು ನೀನೇ. ನಾನು ಕೆಲಸಕ್ಕಿದ್ದ ಫೋಟೋ ಸ್ಟುಡಿಯೋ ಮುಚ್ಚಿದಾಗ ಅಲ್ಲಿನ ಯಜಮಾನರು, ಫಿಲ್ಮಿನ ಚಿತ್ರವನ್ನು ಕಾಗದದ ಮೇಲೆ ದೊಡ್ಡದು ಮಾಡುವ ಎನ್‌ಲಾರ್ಜರನ್ನು ಬೀದಿಗೆ ಹಾಕುವುದರಲ್ಲಿದ್ದರು. ಕತ್ತಲೆಕೋಣೆಯಲ್ಲಿ ಅದರ ಜೊತೆ ಕಳೆದಷ್ಟು ಹೊತ್ತನ್ನು ನಾನು ನಿನ್ನ ದೊಡ್ಡಪ್ಪನ ಜೊತೆಯೂ ಕಳೆದವಳಲ್ಲ. ಬಿಟ್ಟು ಬರಲು ಮನಸ್ಸಾಗದೆ ಹೊತ್ತುಕೊಂಡು ಬಂದೆ. ಅದರ ಕಂಬಕ್ಕೆ ಯಾವುದೋ ಮಡಚುವ ಕ್ಯಾಮೆರಾದ ತಿದಿ ಸಿಕ್ಕಿಸಿದೆ, ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯದು. ತಿದಿಯ ಒಂದು ತುದಿಗೆ, ತನ್ನ ಲೆನ್ಸು ಒಡೆದುಹೋಗಿ ಅನಾಥವಾಗಿದ್ದ ಡಿಜಿಟಲ್ ಕ್ಯಾಮೆರಾ. ಇನ್ನೊಂದು ತುದಿಗೆ ಎನ್‌ಲಾರ್ಜರಿನ ಲೆನ್ಸು, ಹಿಂದುಮುಂದಾಗಿ. ಹಾಗೆ ತಿರುಗಿಸಿ ಹಾಕಿದರೆ ಸಣ್ಣದು ದೊಡ್ಡದಾಗಿ, ಚೊಕ್ಕವಾಗಿ ಕಾಣುತ್ತದೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ಒಂದು ದಿನ ಮರೆತು ತಿರುಗುಮುರುಗು ಹಾಕಿದಾಗ ಗೊತ್ತಾದದ್ದು. ಸಂದು ಮುಚ್ಚಲು ನಲ್ಲಿ ಪೈಪಿನ ತುಂಡು, ಅದರ ಒಳಗೆ ಬೆಳಕು ಮಿನುಗದಿರಲಿ ಅಂತ ಕಪ್ಪು ಕಾಗದ. ಹಿಂದೆ ಮುಂದೆ ಸರಿಸಲು ಒಂದು ಶಾಲೆಯವರು ಎಸೆದಿದ್ದ ಮೈಕ್ರೋಸ್ಕೋಪಿನ ತಿರುಪು. ನೀನು ನೋಡಿದವಳೇ "ದೊಡ್ಡಮ್ಮಾ, ಇದರಲ್ಲಿ ಫೋಟೋ ಬರತ್ತಾ, ನೀರು ಬರತ್ತಾ?" ಅಂದೆ. ಆಮೇಲೆ ಇರುವೆಯ ಮುಖ ತೋರಿಸಿದ್ದೇ ತಡ, "ಅಯ್ಯಯ್ಯೋ, ಮುಖದ ತುಂಬಾ ಕೂದಲು!" ಅಂತ ಊಟದ ತಟ್ಟೆ ಬಿಟ್ಟು ಎದ್ದೆ.

ಗುಜರಿ ಅಂಗಡಿಯವಳು ಈಗಲೂ ನನಗೆ ಅಂತ ಒಂದು ಡಬ್ಬ ಬೇರೆ ಇಟ್ಟಿರುತ್ತಾಳೆ. "ಅಕ್ಕಾ, ಕಣ್ಣಿರೋ ಸಾಮಾನು ಬಂದಿದೆ, ಬಾ" ಅಂತ ಹೇಳಿಕಳಿಸುತ್ತಾಳೆ. ಲೆನ್ಸು ಗಿನ್ಸು ಅನ್ನುವ ಮಾತು ಅವಳಿಗೆ ಬೇಡ. ಹಾಗೆ ಬಂದ ಕಣ್ಣುಗಳೇ ನನ್ನ ಕಪಾಟಿನಲ್ಲಿ ಸಾಲಾಗಿ ಕೂತಿವೆ, ಹತ್ತಿಯ ಮೇಲೆ. ಅವಕ್ಕಾಗಿ ನಾನು ಮಾಡಿದ ಕಟ್ಟುಪಾಡೂ ನಿನಗೆ ಗೊತ್ತು. ಈ ಮನೆಗೆ ಮರಳು ಬರಬಾರದು, ಉಜ್ಜುವ ಪುಡಿ ಬರಬಾರದು, ಪಾತ್ರೆ ತಿಕ್ಕುವ ಆ ಹಸಿರು ನಾರಂತೂ ಹೊಸ್ತಿಲು ದಾಟಬಾರದು. ಅದರ ಒಂದು ಎಳೆ ಸಾಕು, ಗಾಜಿಗೆ ಗೀರು ಬೀಳಲು. ಒಮ್ಮೆ ನೀನು ಹೊಸ ನಾರು ತಂದು ನನ್ನ ಪಾತ್ರೆಗಳನ್ನೆಲ್ಲ ಕನ್ನಡಿ ಮಾಡಿಕೊಡುತ್ತೇನೆ ಅಂತ ಕೂತಿದ್ದೆ. ನಾನು ಕಿತ್ತುಕೊಂಡು ಕಿಟಕಿಯಿಂದ ಎಸೆದೆ, ಹೋಗಿ ಕೆಳಗಿನ ಹಿಟ್ಟಿನ ಗಿರಣಿಯವರ ತಲೆ ಮೇಲೆ ಬಿತ್ತು. "ಏನಮ್ಮಾ, ನನ್ನ ತಲೇನೂ ತಿಕ್ಕಿ ಬೆಳಗೋ ಹಂಗಾಗಿದೆಯಾ?" ಅಂತ ಕೆಳಗಿಂದ ಕೂಗಿದರು. ನೀನು ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟೆ.

ಸುಮ್ಮನೆ ಹಳೇ ಮಾತು ಎತ್ತುತ್ತಿದ್ದೇನೆ. ವಿಷಯಕ್ಕೆ ಬರಲು ಕಾಲು ಹಿಂದೇಟು ಹಾಕುತ್ತಿದೆ.

ಮೊದಲು ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಲೆನ್ಸಿನ ಎದುರು ಏನೇ ಇಟ್ಟರೂ ಮುಂಚೆ ಶುಚಿ ಮಾಡುವುದು ನನ್ನ ಅಭ್ಯಾಸ. ಅಷ್ಟು ದೊಡ್ಡದು ಮಾಡಿದಾಗ ಧೂಳಿನ ಕಣ ಬಂಡೆಯಾಗುತ್ತದೆ, ಬಟ್ಟೆಯ ನೂಲು ಹಡಗಿನ ಹಗ್ಗವಾಗುತ್ತದೆ. ಅದೇ ಅಭ್ಯಾಸದಲ್ಲಿ, ಹಿಂದುಮುಂದು ಯೋಚಿಸದೆ, ಪಿನ್ನನ್ನು ಸೋಪಿನ ನೀರಿಗೆ ಹಾಕಿ ಗಟ್ಟಿ ಬ್ರಷ್ಷಿನಿಂದ ಉಜ್ಜಿಬಿಟ್ಟೆ. ಮುರಿದ ಮುಖದ ಮೇಲಿದ್ದ ತುಕ್ಕು ಬಹುಪಾಲು ಹೋಯಿತು. ಅಡ್ಡಾದಿಡ್ಡಿ ಗೀರುಗಳೂ ಬಿದ್ದಿವೆ, ಫೋಟೋದಲ್ಲಿ ಎದ್ದು ಕಾಣುತ್ತವೆ. ಇದನ್ನು ತಿಕ್ಕಿದವರು ಯಾರು ಅಂತ ಸೋಮವಾರ ಕೇಳಿಯೇ ಕೇಳುತ್ತಾರೆ. ದೊಡ್ಡಮ್ಮ ತಿಕ್ಕಿದಳು ಅನ್ನು. ನಾನೇ ಅವರ ಎದುರು ನಿಂತು ಹೇಳುತ್ತೇನೆ. ಮುದುಕಿಯ ಹಾಳು ಅಭ್ಯಾಸ ಅಂದರೆ ಯಾರಾದರೂ ನಂಬುತ್ತಾರೆ.

ಇನ್ನು ಫೋಟೋ. ಕೆಳಗೆ ಗಿರಣಿ ತಿರುಗುತ್ತಿದ್ದರೆ ಇಲ್ಲಿ ಲೋಟದಲ್ಲಿಟ್ಟ ನೀರೂ ನಡುಗುತ್ತದೆ, ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಮಸುಕು. ಹಾಗಾಗಿ ಗಿರಣಿಯವರು ಊಟಕ್ಕೆ ಕೂತಾಗ ಮಾತ್ರ ನನ್ನ ಕೆಲಸ. "ನಾನು ಬೇಗ ಉಂಡು ಎದ್ದರೆ ನಿಮ್ಮ ಇರುವೆ ಕಣ್ಣು ಮುಚ್ಚಿಕೊಂಡುಬಿಡತ್ತಾ?" ಅಂತ ಯಾವಾಗಲೂ ರೇಗಿಸುತ್ತಾರೆ. ಬುಧವಾರ ಅವರು ಮೆಷಿನ್ನು ನಿಲ್ಲಿಸಿದ ಸದ್ದು ಕೇಳಿದ ಕೂಡಲೇ, ಪಿನ್ನನ್ನು ಹಿಟ್ಟಿನ ಮುದ್ದೆಗೆ ಚುಚ್ಚಿ ನಿಲ್ಲಿಸಿ, ಒಂದು ಪಕ್ಕದಿಂದ ಮಾತ್ರ ಬೆಳಕು ಬಿಟ್ಟು, ತಿರುಪನ್ನು ಮೆಲ್ಲನೆ ತಿರುಗಿಸಿದೆ.

ಕಂಡದ್ದನ್ನು ಹಾಗೇ ಹೇಳುತ್ತೇನೆ. ಮುರಿದ ಮುಖದಲ್ಲಿ ಎರಡು ಭಾಗ. ಒಂದು ಭಾಗ ಒಡೆದ ಕಲ್ಲುಸಕ್ಕರೆಯ ಹಾಗೆ ಹರಳು ಹರಳು, ಬೆಳ್ಳಗೆ ಮಿನುಗುತ್ತಿತ್ತು. ಇನ್ನೊಂದು ಭಾಗ ನುಣುಪು. ಆ ನುಣುಪಿನ ಮೇಲೆ ಬಾಗಿದ ಗೆರೆಗಳು, ಒಂದರ ಮುಂದೊಂದು, ಕೆರೆಯ ನೀರು ಇಳಿಯುತ್ತಾ ಇಳಿಯುತ್ತಾ ದಂಡೆಯಲ್ಲಿ ಬಿಟ್ಟುಹೋದ ಗುರುತಿನ ಹಾಗೆ. ಗೆರೆಗಳ ನಡುವಿನ ತಗ್ಗಿನಲ್ಲಿ, ಯಾವ ಬ್ರಷ್ಷೂ ಮುಟ್ಟಲಾಗದ ಆಳದಲ್ಲಿ, ಕಂದು ಬಣ್ಣ.

ನನಗೆ ಅದರ ಅರ್ಥ ಗೊತ್ತಿರಲಿಲ್ಲ, ದೇವರಾಣೆ. ಗಿರಣಿಯವರು ಕೈ ಒರೆಸಿಕೊಳ್ಳುತ್ತಾ ಮೇಲೆ ಬಂದು ಕಂಪ್ಯೂಟರಿನ ಪರದೆ ನೋಡಿದರು. ಎಂದಿನ ಕುಚೋದ್ಯ ಬಾಯಿಗೆ ಬರಲಿಲ್ಲ. "ಇದು ಒಂದೇ ಸಲಕ್ಕೆ ಮುರಿದಿದ್ದಲ್ಲ ಅಮ್ಮಾ. ನಮ್ಮ ಹಳೇ ಗಿರಣಿ ಶಾಫ್ಟೂ ಹಿಂಗೇ ಹೋಯ್ತು. ಇವತ್ತು ಒಂಚೂರು, ನಾಳೆ ಒಂಚೂರು, ಸದ್ದಿಲ್ಲದಂಗೆ ಬಿಟ್ಕೊಂಡು ಬರತ್ತೆ. ಕೊನೆಗೆ ಉಳಿದಿದ್ದು ಪಟ್ ಅನ್ನತ್ತೆ. ಯಾವುದರದ್ದಿದು?" ಅಂದರು. ನಾನು ಪರದೆ ಆರಿಸಿದೆ.

ಅವರು ಹೇಳಿದ್ದನ್ನು ನಾನು ನಂಬಲಿಲ್ಲ, ಕಡ್ಡಿ. ನನ್ನ ಲೆನ್ಸಿನದೇ ದೋಷ ಅಂದುಕೊಂಡೆ. ಎನ್‌ಲಾರ್ಜರಿನ ಲೆನ್ಸಿನ ಅಂಚಿನಲ್ಲಿ ಸ್ವಲ್ಪ ಬೂಷ್ಟು ಹಿಡಿದಿದೆ, ಅದೇ ಗೆರೆ ಗೆರೆಯಾಗಿ ಕಾಣಿಸುತ್ತಿರಬೇಕು ಅಂತ ಅದನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ಜೆರಾಕ್ಸ್ ಅಂಗಡಿಯವರು ಎಸೆದ ಮೆಷಿನ್ನಿನಿಂದ ಬಿಡಿಸಿಕೊಂಡ ಲೆನ್ಸು ಹಾಕಿದೆ. ನಿನಗೆ ನೆನಪಿರಬೇಕು, ಅದನ್ನು ಬಿಡಿಸುವಾಗ ಕಪ್ಪು ಪುಡಿ ಹಾರಿ ನಾವಿಬ್ಬರೂ ಇದ್ದಿಲಿನ ಗೊಂಬೆಗಳಾಗಿದ್ದೆವು. ಕಾಗದದ ಮೇಲಿನ ಅಕ್ಷರವನ್ನು ಚೂರೂ ಸೊಟ್ಟ ಮಾಡದೆ ತೋರಿಸಲೆಂದೇ ಮಾಡಿದ ಗಾಜು ಅದು. ಅದರಲ್ಲಿ ಗೆರೆಗಳು ಇನ್ನೂ ಚೊಕ್ಕವಾಗಿ, ಇನ್ನೂ ಸ್ಪಷ್ಟವಾಗಿ ಬಂದವು.

ಗುರುವಾರ ಸ್ಲೈಡ್ ಪ್ರೊಜೆಕ್ಟರಿನ ಲೆನ್ಸು ಹಾಕಿದೆ. ಅದು ಯಾವಾಗಲೂ ಎಲ್ಲವನ್ನೂ ಸ್ವಲ್ಪ ಮೆತ್ತಗೆ, ಮುದ್ದಾಗಿ ತೋರಿಸುವ ಲೆನ್ಸು. ಸುಕ್ಕಿದ್ದರೆ ಮರೆಸುತ್ತದೆ. ಅದನ್ನೇ ನಂಬಿಕೊಂಡು ಕೂತಿದ್ದೆ. ಗೆರೆ ಮೆತ್ತಗಾದವು, ಕಂದು ಬಣ್ಣ ಮಾತ್ರ ಇನ್ನಷ್ಟು ಹರಡಿಕೊಂಡಿತು. ಕೊನೆಗೆ ಮೈಕ್ರೋಸ್ಕೋಪಿನ ಕಣ್ಣನ್ನೇ ಪೈಪಿಗೆ ಅಂಟಿಸಿದೆ. ಅದನ್ನು ಹಾಕಿದರೆ ನೋಡುವ ಜಾಗ ಸಾಸಿವೆಯಷ್ಟು. ತಿರುಪನ್ನು ಚೂರೇ ಚೂರು ಸರಿಸುತ್ತಾ, ಒಂದೊಂದು ಪದರಕ್ಕೂ ಒಂದೊಂದು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸಬೇಕು. ಗಿರಣಿಯವರ ಊಟ ಮುಗಿದರೂ ನನ್ನದು ಮುಗಿಯಲಿಲ್ಲ. ಕೆಳಗಿಳಿದು ಹೋಗಿ, ಇನ್ನೊಂದು ಸ್ವಲ್ಪ ಹೊತ್ತು ಮೆಷಿನ್ನು ಹಾಕಬೇಡಿ ಅಂತ ಕೈ ಮುಗಿದೆ. ಹಿಟ್ಟಿಗೆ ನಿಂತಿದ್ದವರು ಗೊಣಗಿದರು. ಅವರು "ಬೆಲ್ಟು ಜಾರಿದೆ, ಸರಿ ಮಾಡ್ತಿದೀನಿ, ಸುಮ್ನಿರ್ರಿ" ಅಂತ ಎಲ್ಲರಿಗೂ ಸುಳ್ಳು ಹೇಳಿ, ಸರಿಯಾಗೇ ಇದ್ದ ಬೆಲ್ಟಿನ ಮುಂದೆ ಹೋಗಿ ಕೂತರು.

ಎಲ್ಲ ಕಣ್ಣುಗಳಲ್ಲೂ ಅದೇ ಕಂಡಿತು. ಕಪಾಟು ಖಾಲಿಯಾಯಿತು. ಇನ್ನು ಯಾವ ಲೆನ್ಸು ತಿರುಗಿಸಿ ಹಾಕಲಿ, ಹೇಳು?

ಇನ್ನೂ ಒಂದು ಕೆಲಸ ಮಾಡಿದೆ. ಬೆಳಕನ್ನು ಪಕ್ಕದಿಂದ ತೆಗೆದು ಎದುರಿಗಿಟ್ಟರೆ ಗೆರೆಗಳು ಅಡಗುತ್ತವೆ. ಹರಳು ಹರಳಾಗಿರುವ ಭಾಗದ ಮೇಲೆ ಮಾತ್ರ ಕ್ಯಾಮೆರಾ ಇಟ್ಟರೆ ನೋಡಿದವರು ಹೊಸ ಮುರಿತ ಅಂತಲೇ ಅನ್ನುತ್ತಾರೆ. ಸ್ಟುಡಿಯೋದಲ್ಲಿ ಅಷ್ಟು ವರ್ಷ ನಾನು ಮಾಡಿದ್ದೇನು? ಮದುಮಗಳ ಮುಖದ ಮೊಡವೆ ತೆಗೆದದ್ದು, ತೀರಿಕೊಂಡವರ ಕಣ್ಣಿನ ಕೆಳಗಿನ ಕಪ್ಪು ತೆಗೆದದ್ದು. ಕೈ ತಾನಾಗಿಯೇ ಹೋಯಿತು. ಬೆಳಕು ಸರಿಸಿದೆ, ತೆಗೆದೆ. ಎಷ್ಟು ಚೆಂದ ಬಂತು ಅಂದರೆ, ನನ್ನ ಜನ್ಮದಲ್ಲಿ ಅಂಥ ಫೋಟೋ ತೆಗೆದಿರಲಿಲ್ಲ. ಬೆಳ್ಳಿಯ ಬೆಟ್ಟದ ಹಾಗಿತ್ತು. ಅದನ್ನು ನಿನಗೆ ಕಳಿಸಿ, ತೆಪ್ಪಗೆ ಕೂತುಬಿಡೋಣ ಅನಿಸಿತು.

ಆಗ ಆ ಬೀರು ನೆನಪಾಯಿತು. ನೀವು ಮನೆ ಬದಲಾಯಿಸಿದಾಗ ಅಳಿಯಂದಿರು ಗೋದಾಮಿನಿಂದ ಒಬ್ಬನನ್ನು ಕರೆತಂದಿದ್ದರಲ್ಲ, ಎಲ್ಲರೂ ಮಾಮಾ ಮಾಮಾ ಅನ್ನುತ್ತಿದ್ದ ಹಮಾಲಿ, ಅವನೇ ಈಗ ಮಲಗಿರುವುದು. ಕಬ್ಬಿಣದ ಬೀರುವನ್ನು ಒಬ್ಬನೇ ಮೆಟ್ಟಿಲು ಹತ್ತಿಸುವುದರಲ್ಲಿದ್ದ. ಬೆನ್ನಿಗೆ ಕೊಟ್ಟುಕೊಂಡವನು ಹಾಗೇ ಕೆಳಗಿಳಿಸಿ, "ದೊಡ್ಡಮ್ಮಾ, ಒಳಗೆ ಏನೋ ಬಿಟ್ಟಿದೀರಿ, ತೂಕ ಸರಿ ಇಲ್ಲ" ಅಂದ. ಬಾಗಿಲು ತೆಗೆದು ನೋಡಿದರೆ ತಳದಲ್ಲಿ ನಿನ್ನ ಇಸ್ತ್ರಿಪೆಟ್ಟಿಗೆ! "ನಮ್ ಬೆನ್ನು ತಕ್ಕಡಿ ಇದ್ದಂಗೆ" ಅಂತ ನಕ್ಕ. ಒಂದು ಇಸ್ತ್ರಿಪೆಟ್ಟಿಗೆಯ ಭಾರ ಬೆನ್ನಿಗೆ ಗೊತ್ತಾಗುವ ಮನುಷ್ಯ ಲಿಫ್ಟಿಗೆ ಎಷ್ಟು ಹೊರೆ ಅಂತ ತಿಳಿಯದೆ ತುಂಬಿದ ಅಂತ ನನ್ನ ಫೋಟೋ ಹೇಳಬೇಕಿತ್ತು. ನೀನು ಬರೆದಿದ್ದೀಯ: "ಅವನು ಹೆಂಗಿದ್ರೂ ಮಾತಾಡಲ್ಲ ದೊಡ್ಡಮ್ಮ." ಆ ಸಾಲನ್ನು ನೀನು ಬರೆದೆಯಾ ಅಂತ ಅಕ್ಷರ ನೋಡಿ ನೋಡಿ ಖಾತ್ರಿ ಮಾಡಿಕೊಂಡೆ. ನಾನೇ ತಿದ್ದಿಸಿದ ಅಕ್ಷರ.

ಆ ಬೆಳ್ಳಿ ಬೆಟ್ಟವನ್ನು ಅಳಿಸಿದೆ. ಸುಳ್ಳೇಕೆ, ಒಮ್ಮೆ ಅಳಿಸಿ, ಮತ್ತೆ ವಾಪಸ್ಸು ತಂದುಕೊಂಡು, ಒಂದು ಗಂಟೆ ನೋಡುತ್ತಾ ಕೂತು, ಆಮೇಲೆ ಅಳಿಸಿದೆ.

ಅಳಿಯಂದಿರ ಮೇಲೆ ನನಗೆ ಕೋಪವಿಲ್ಲ. ಹೋದ ಸಲ ಬಂದಾಗ ನೋಡಿದೆ. ಊಟಕ್ಕೆ ನೆಲದ ಮೇಲೆ ಕೂರಲು ಆಗದೆ, "ಅಭ್ಯಾಸ ತಪ್ಪಿದೆ ಅತ್ತೆ" ಅಂತ ನಕ್ಕು ಕುರ್ಚಿ ಎಳೆದುಕೊಂಡರು. ಎದ್ದಾಗ ಮೊಣಕಾಲು ಹಿಡಿದುಕೊಂಡರು, ನಾನು ನೋಡಿಲ್ಲ ಅಂದುಕೊಂಡು. ಆ ಕಾಲಿನಲ್ಲಿ ಲಿಫ್ಟಿನ ನೆತ್ತಿಯ ಏಣಿ ಹತ್ತಲು ಆಗುತ್ತಿರಲಿಲ್ಲ, ಅಲ್ಲವಾ? ಹತ್ತಲಾರೆ ಅಂದರೆ ಕೆಲಸ ಹೋಗುತ್ತದೆ ಅಂತ ಕೆಳಗೆ ನಿಂತೇ ಸಹಿ ಹಾಕಿರಬೇಕು. ಒಂದು ತಿಂಗಳು, ಇನ್ನೊಂದು ತಿಂಗಳು. ಅತ್ತ ಪಿನ್ನೂ ಒಂಚೂರು, ಇನ್ನೊಂಚೂರು. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ನಿನಗೆ ಜ್ವರ ಬಂದಾಗ ಗಂಜಿ ಕಾಯಿಸಿ, ಆರಿಸಿ, ತಿನ್ನಿಸಿದ ಮನುಷ್ಯ.

ಏನು ಮಾಡಲಿ ಅಂತ ನನಗೇ ತಿಳಿಯುತ್ತಿಲ್ಲ. ಇತ್ತ ನೋಡಿದರೆ ನೀವಿಬ್ಬರು, ಅತ್ತ ನೋಡಿದರೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುವ ಅವನ ಹೆಂಡತಿ. ತಪ್ಪು ಅವನದೇ ಅಂತ ಬರೆದುಕೊಂಡುಬಿಟ್ಟರೆ ಅವಳಿಗೆ ಗಂಡನೂ ಇಲ್ಲ, ಪರಿಹಾರವೂ ಇಲ್ಲ. ಒಂದೇ ಒಂದು ದಾರಿ ಕಾಣುತ್ತಿದೆ, ಅದೂ ಮುಳ್ಳಿನದು. ಯಾರೋ ಕಂಡುಹಿಡಿಯುವ ಮುಂಚೆ ಅಳಿಯಂದಿರೇ ಹೇಳಲಿ. ಮೊಣಕಾಲಿನ ವಿಷಯ ಹೇಳಲಿ, ಹತ್ತಲಿಲ್ಲ ಅಂತ ಹೇಳಲಿ. ಏಣಿ ಹತ್ತಲು ಇನ್ನೊಬ್ಬನನ್ನು ಕೊಡಿ ಅಂತ ಮೇಲಿನವರನ್ನು ಎಂದಾದರೂ ಕೇಳಿದ್ದರೆ ಅದನ್ನೂ ಹೇಳಲಿ. ಕೆಲಸ ಹೋಗುತ್ತದೆ. ಕೇಸೂ ಆಗಬಹುದು. ಆಗುವುದಿಲ್ಲ ಅಂತ ನಿನ್ನ ತಲೆ ಸವರಿ ಸುಳ್ಳು ಹೇಳಲಾರೆ. ಆದರೆ ಆ ಗೆರೆಗಳು ಉಕ್ಕಿನ ಮೈಯಲ್ಲೇ ಇವೆ, ಮಗಳೇ. ತಿಕ್ಕಿದರೆ ಹೋಗುವುದು ತುಕ್ಕು ಮಾತ್ರ.

ಈ ಕಾಗದವನ್ನೂ ಫೋಟೋಗಳನ್ನೂ ಗಿರಣಿಯವರ ತಮ್ಮನ ಲಾರಿಯಲ್ಲಿ ಕಳಿಸುತ್ತಿದ್ದೇನೆ, ನಾಳೆ ಬೆಳಗ್ಗೆ ನಿನ್ನ ಕೈಗೆ ಕೊಡುತ್ತಾನೆ. ಪಿನ್ನು ನನ್ನ ಹತ್ತಿರವೇ ಇದೆ. ಭಾನುವಾರ ನಾನೇ ತರುತ್ತೇನೆ. ಅಷ್ಟರಲ್ಲಿ ಅಳಿಯಂದಿರನ್ನು ಕೂರಿಸಿಕೊಂಡು ಇದನ್ನು ಓದಿ ಹೇಳು. ನಿನ್ನಿಂದ ಆಗದಿದ್ದರೆ ನಾನು ಬರುವ ತನಕ ಸುಮ್ಮನಿರು, ಮೂವರೂ ಕೂತು ಅಳೋಣ. ಸೋಮವಾರ ನಾನು ಅವರ ಪಕ್ಕದಲ್ಲೇ ಕೂರುತ್ತೇನೆ. ಬಾಗಿಲು ತೆಗೆಯುವುದಿಲ್ಲ ಅಂದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನನ್ನ ಹಟ ನಿನಗೆ ಗೊತ್ತಲ್ಲ.

ಊಟ ಬಿಡಬೇಡ. ನೀನು ಕಡ್ಡಿ ಅಂತ ಕರೆಸಿಕೊಂಡದ್ದು ಸಾಕು, ಇನ್ನೂ ಸೊರಗಿದರೆ ನಿನ್ನನ್ನು ನೋಡಲೂ ನನ್ನ ಮೆಷಿನ್ನೇ ಬೇಕಾಗುತ್ತದೆ.

ನಿನ್ನನ್ನು ಎತ್ತಿ ಆಡಿಸಿದ,
ದೊಡ್ಡಮ್ಮ

ತಾ. ಕ.: ಪಿನ್ನನ್ನು ನಾನು ತೊಳೆಯಲಿಲ್ಲ. ಉಕ್ಕಿಗೆ ನೀರು ಸೋಕಿಸುವಷ್ಟು ಅರಳುಮರಳು ನನಗಿನ್ನೂ ಆಗಿಲ್ಲ. ಲೆನ್ಸಿನ ಎದುರು ಇಟ್ಟ ಕೂಡಲೇ, ಬಿರುಕಿನ ಆಳದಲ್ಲಿ ಒಂದು ಎಳೆ ಸಿಕ್ಕಿಕೊಂಡಿರುವುದು ಕಾಣಿಸಿತು. ಹಸಿರು ಬಣ್ಣದ್ದು, ಹೆಂಗಿತ್ತೋ ಹಂಗೇ ಕಳಿಸ್ತಿದೀನಿ ಅಂತ ನೀನು ಬರೆದ ಪಿನ್ನಿನಲ್ಲಿ. ನನ್ನ ಮನೆಯಲ್ಲಿ ಹಸಿರು ನಾರಿಲ್ಲ ಅನ್ನುವುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಫೋಟೋ ತೆಗೆಯುವ ಮುಂಚೆಯೇ ಚಿಮಟದಿಂದ ಎತ್ತಿ ತೆಗೆದೆ, ಯಾವ ಫೋಟೋದಲ್ಲೂ ಅದಿಲ್ಲ. ಸೋಮವಾರ ಯಾರು ಕೇಳಿದರೂ ತಿಕ್ಕಿದವಳು ನಾನೇ, ಆ ಮಾತನ್ನು ಬದಲಾಯಿಸಬೇಡ. ಎಳೆಯನ್ನು ಈ ಹಾಳೆಯ ಮಡಿಕೆಯಲ್ಲಿ ಇಟ್ಟಿದ್ದೆ. ನೀನು ಬಿಚ್ಚುವಾಗ ಎಲ್ಲೋ ಉದುರಿಹೋಗಿರುತ್ತದೆ. ಹುಡುಕಬೇಡ, ಬರಿಗಣ್ಣಿಗೆ ಕಾಣುವಂಥದ್ದಲ್ಲ.